ಡೋರ್ ಪ್ಯಾಡ್ ಹಿಂದೆ ಕ್ಲಿಪ್ ಕೂರುವ ಗೂಡು ಮುರಿದಿದೆ, ಯಾವ ಗಮ್ಮೂ ನಿಲ್ಲುತ್ತಿಲ್ಲ

ಮೂಡಿಗೆರೆ ಮಳೆ:
ಎಲ್ಲರಿಗೂ ನಮಸ್ಕಾರ. ಹತ್ತು ವರ್ಷದ ಹಳೇ ಕಾರು. ಡ್ರೈವರ್ ಕಡೆ ಗ್ಲಾಸ್ ಮೇಲೇರುತ್ತಿರಲಿಲ್ಲ ಎಂದು ಹೋದ ತಿಂಗಳು ಒಂದು ಗ್ಯಾರೇಜಿಗೆ ಬಿಟ್ಟಿದ್ದೆ. ಗ್ಲಾಸೇನೋ ಸರಿಯಾಯಿತು. ಆದರೆ ಡೋರ್ ಪ್ಯಾಡ್, ಅಂದರೆ ಬಾಗಿಲ ಒಳಗಡೆಯ ಪ್ಲಾಸ್ಟಿಕ್ ಹೊದಿಕೆ, ಎಳೆದು ತೆಗೆಯುವಾಗ ಹಿಂದೆ ಕ್ಲಿಪ್ ಸಿಕ್ಕಿಸುವ ಮೂರು ಗೂಡುಗಳು ಬುಡಸಮೇತ ಮುರಿದಿವೆ. ಕೇಳಿದರೆ "ಹಳೇ ಪ್ಲಾಸ್ಟಿಕ್ ಸಾರ್, ಹಂಗೇ" ಎಂದು ಕೈಗೆ ಚೂರು ಕೊಟ್ಟರು. ಈಗ ತೋಟದ ರಸ್ತೆಗೆ ಇಳಿದರೆ ಸಾಕು, ಪ್ಯಾಡ್ ಲಟಲಟ ಎನ್ನುತ್ತದೆ. ಮೂರು ಸಲ ಸೂಪರ್ ಗ್ಲೂ ಹಾಕಿದೆ. ಒಣಗಿದಾಗ ಕಲ್ಲಿನ ಹಾಗಿರುತ್ತದೆ, ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ ಹಪ್ಪಳದ ಹಾಗೆ ಎದ್ದು ಬಂದಿರುತ್ತದೆ. ಹೊಸದು ಬೇಕಾದರೆ ಇಡೀ ಪ್ಯಾಡೇ ತಗೋಬೇಕಂತೆ, ಮೂರು ಗೂಡಿಗೆ ಅಷ್ಟು ದುಡ್ಡು ಸುರಿಯಲು ಮನಸ್ಸಿಲ್ಲ. ಇದರ ಜೊತೆ ಮುಂದಿನ ಗಾಜಿನ ಪಕ್ಕದ ಪಿಲ್ಲರ್ ಕವರಿನಲ್ಲೂ ಒಂದು ಬಿರುಕಿದೆ. ಅದನ್ನೂ ಹೀಗೇ ಅಂಟಿಸಬಹುದಾ?

ಹಳೇ ಸ್ಪ್ಯಾನರ್, ಹಾಸನ:
ಗಮ್ಮಿನ ತಪ್ಪಲ್ಲ ಸಾರ್. ಪ್ಯಾಡ್ ಬಿಚ್ಚಿ ಹಿಂದುಗಡೆ ಟಾರ್ಚ್ ಬಿಟ್ಟು ನೋಡಿ, ಎಲ್ಲೋ ಒಂದು ಮೂಲೆಯಲ್ಲಿ ಬಾಣದ ಗುರುತಿನ ನಡುವೆ ಪ್ಲಾಸ್ಟಿಕ್ಕಿನ ಜಾತಿ, ಪಿಪಿ ಅಂತಲೋ ಎಬಿಎಸ್ ಅಂತಲೋ, ಅಚ್ಚಾಗಿರುತ್ತದೆ. ಅದನ್ನು ಓದದೆ ಏನೂ ಹಚ್ಚಬೇಡಿ. ಗಮ್ ಹಪ್ಪಳದ ಹಾಗೆ ಎದ್ದು ಬರುತ್ತಿದೆ ಎಂದರೆ ನನ್ನ ಲೆಕ್ಕದಲ್ಲಿ ಅದು ಪಿಪಿ, ಅಂದರೆ ಪಾಲಿಪ್ರೊಪಿಲೀನ್. ಅದರ ಮೈಗೆ ಯಾವ ಮಾಮೂಲಿ ಗಮ್ಮೂ ಹಿಡಿಯುವುದಿಲ್ಲ, ಮೇಣಕ್ಕೆ ಗಮ್ ಹಚ್ಚಿದ ಹಾಗೆ. ಎಪಾಕ್ಸಿ ಹಾಕಿದರೂ ಅಷ್ಟೇ, ಸ್ವಲ್ಪ ದಿನ ಜಾಸ್ತಿ ನಿಲ್ಲಬಹುದು.

ಪಿಪಿಗೆ ಬಿಸಿಯೇ ಮದ್ದು. ಸೋಲ್ಡರಿಂಗ್ ಐರನ್ ತಗೊಳ್ಳಿ, 25 ವ್ಯಾಟಿನದು ಸಾಕು. 60 ವ್ಯಾಟಿನದು ಹಿಡಿದರೆ ಕೈ ಪಳಗದವರು ಎದುರಿನ ಮುಖಕ್ಕೇ ತೂತು ಹಾಕುತ್ತಾರೆ, ನಾನೂ ಹಾಕಿದ್ದೇನೆ. ಗೂಡಿನ ಚೂರನ್ನು ಅದರ ಜಾಗದಲ್ಲೇ ಕೂರಿಸಿ ನಾಲ್ಕು ಕಡೆ ಚುಕ್ಕಿ ಇಟ್ಟ ಹಾಗೆ ಕರಗಿಸಿ ಹಿಡಿಸಿ. ಅಲ್ಲಿಗೆ ನಿಲ್ಲಿಸಿ. ಕ್ಲಿಪ್ ಹಾಕಿ ಪ್ಯಾಡನ್ನು ಬಾಗಿಲಿಗೆ ಹಿಡಿದು, ಕ್ಲಿಪ್ ತೂತಿಗೆ ನೇರ ಬರುತ್ತದಾ ನೋಡಿ, ಆಮೇಲೆ ಪೂರ್ತಿ ಮಾಡಿ. ಇದನ್ನು ಬಿಟ್ಟು ಎಲ್ಲ ಬೆಸೆದ ಮೇಲೆ ನೋಡಿದರೆ ಎರಡು ಮಿಲಿಮೀಟರ್ ಆಚೀಚೆ ಆಗಿರುತ್ತದೆ, ಮತ್ತೆ ಗುದ್ದಿ ಕೂರಿಸಲು ಹೋಗಿ ಮತ್ತೆ ಮುರಿಯುತ್ತೀರಿ. ಜಾಗ ಸರಿಯಿದ್ದರೆ ಬುಡದ ಸುತ್ತ ಕಿಟಕಿಗೆ ಹಾಕುವ ಸ್ಟೀಲ್ ಸೊಳ್ಳೆ ಜಾಲರಿಯ ಸಣ್ಣ ಪಟ್ಟಿ ಇಟ್ಟು, ಐರನ್ನಿಂದ ಒತ್ತಿ, ಪ್ಲಾಸ್ಟಿಕ್ಕಿನೊಳಗೆ ಮುಳುಗಿಸಿ. ಪ್ಯಾಡಿನ ಅರ್ಧ ದಪ್ಪಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಮುಂದುಗಡೆ ಮಿರಮಿರ ಕಲೆ ಎದ್ದು ಕಾಣುತ್ತದೆ. ಮೇಲೆ ತುಂಬಲು ಅದೇ ಜಾತಿಯ ಪ್ಲಾಸ್ಟಿಕ್ ಬೇಕು. ಗುಜರಿ ಅಂಗಡಿಯಲ್ಲಿ ಒಡೆದ ಬಂಪರ್ ಚೂರು ಕೇಳಿ, ಹೆಚ್ಚಿನವು ಪಿಪಿಯೇ, ಆದರೂ ಹಿಂದೆ ಅಕ್ಷರ ನೋಡಿಕೊಳ್ಳಿ. ಕೇಬಲ್ ಟೈ ಕರಗಿಸಿ ತುಂಬುವವರಿದ್ದಾರೆ. ಅದು ನೈಲಾನ್, ಪಿಪಿ ಜೊತೆ ಬೆರೆಯುವುದೇ ಇಲ್ಲ. ಹೊಗೆ ಬರುತ್ತದೆ, ಜಗಲಿಯಲ್ಲಿ ಕೂತು ಮಾಡಿ.

ಪಿಲ್ಲರ್ ಕವರಿನ ಮೇಲೆ ಏರ್‌ಬ್ಯಾಗ್ ಅಂತ ಅಕ್ಷರ ಇದೆಯಾ ಮೊದಲು ಹೇಳಿ. ಇದ್ದರೆ ಮುಟ್ಟಲೇಬೇಡಿ.

ಬಿಸಿಲೆ ಘಾಟಿ:
ಇಷ್ಟೆಲ್ಲಾ ಯಾಕೆ ಗುರು? ನಮ್ಮ ಜೀಪಿಗೆ ಮುಂದಿನಿಂದಲೇ ಎರಡು ಸ್ಕ್ರೂ, ಅಡಿಗೆ ವಾಷರ್. ನಾಲ್ಕು ಮಳೆಗಾಲ ಕಳೆದಿದೆ, ಅಲ್ಲಾಡಿಲ್ಲ.

ಹಳೇ ಸ್ಪ್ಯಾನರ್, ಹಾಸನ:
ಜೀಪಿಗೆ ಓಕೆ. ಕಾರಿನ ಬಾಗಿಲೊಳಗೆ ಗ್ಲಾಸ್ ಇಳಿಯುತ್ತದೆ, ವೈರ್ ಹೋಗುತ್ತದೆ. ಉದ್ದ ಸ್ಕ್ರೂ ಗ್ಲಾಸಿಗೆ ತಾಗಿದರೆ ಆಮೇಲೆ ಪ್ಯಾಡಿನ ಯೋಚನೆಯೇ ಇರುವುದಿಲ್ಲ, ಗ್ಲಾಸಿನದ್ದೇ ಯೋಚನೆ.

ಕುಶನ್ ಅಂಗಡಿ ಪಕ್ಕದವನು:
ಎಬಿಎಸ್ ಆಗಿದ್ದರೆ ಕಥೆಯೇ ಬೇರೆ. ನನ್ನ ಕಾರಿನ ಗೇರ್ ಪಕ್ಕದ ಕನ್ಸೋಲ್ ಎಬಿಎಸ್. ಅದು ಅಸಿಟೋನಿನಲ್ಲಿ ಕರಗುತ್ತದೆ. ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಗಾಜಿನ ಬಾಟಲಿಯಲ್ಲಿ ಅಸಿಟೋನಿಗೆ ಹಾಕಿ ರಾತ್ರಿಯಿಡೀ ಮುಚ್ಚಿಟ್ಟೆ, ಬೆಳಿಗ್ಗೆ ದೋಸೆ ಹಿಟ್ಟಿನ ಹದಕ್ಕೆ ಬಂದಿತ್ತು. ಬಿರುಕಿನ ಹಿಂದೆ ಬಳಿದು ಎರಡು ದಿನ ಮುಟ್ಟಲಿಲ್ಲ. ಈಗ ಬೇರೆ ಕಡೆ ಒಡೆಯಬಹುದೇ ಹೊರತು ಅಲ್ಲಿ ಒಡೆಯಲ್ಲ. ಆದರೆ ಒಂದು ಹನಿ ಮುಂದುಗಡೆ ಬಿದ್ದು ಅಲ್ಲಿನ ಗೀರು ಡಿಸೈನೆಲ್ಲ ನುಣ್ಣಗಾಯಿತು. ಹೆಂಡತಿ ಕಾರು ಹತ್ತಿದಾಗಲೆಲ್ಲ ಅದನ್ನೇ ತೋರಿಸುತ್ತಾಳೆ. ಒಲೆ, ಬೀಡಿ ಹತ್ತಿರ ಅಸಿಟೋನ್ ಇಡಬೇಡಿ, ಭಗ್ಗನೆ ಹೊತ್ತಿಕೊಳ್ಳುತ್ತದೆ. ಡ್ಯಾಶ್‌ಬೋರ್ಡ್ ಪಾಲಿಶ್ ಹೊಡೆಯುವ ಅಭ್ಯಾಸ ಇದ್ದರೆ ಮೊದಲು ಸೋಪಿನ ನೀರಲ್ಲಿ ಚೆನ್ನಾಗಿ ಒರೆಸಿ, ಪಾಲಿಶಿನ ಸಿಲಿಕೋನ್ ಜಿಡ್ಡಿನ ಮೇಲೆ ಏನೂ ಹಿಡಿಯಲ್ಲ.

ಮೂಡಿಗೆರೆ ಮಳೆ:
ಬಿಚ್ಚಿ ನೋಡಿದೆ. ಪಿಪಿ, ಆಮೇಲೆ ಒಂದು ಅಡ್ಡಗೆರೆ, ಆಮೇಲೆ ಟಿಡಿ20 ಅಂತ ಇದೆ. ಆದರೆ ಪಿಪಿ ನೀರಿನಲ್ಲಿ ತೇಲುತ್ತದೆ, ಎಬಿಎಸ್ ಮುಳುಗುತ್ತದೆ ಎಂದು ಎಲ್ಲೋ ಓದಿದ್ದೆ. ಚೂರನ್ನು ಲೋಟಕ್ಕೆ ಹಾಕಿದರೆ ಸೀದಾ ತಳ ಸೇರಿತು. ಈಗ ಯಾವುದನ್ನು ನಂಬಲಿ? ಪಿಲ್ಲರ್ ಕವರಿನ ಮೇಲೆ ಏರ್‌ಬ್ಯಾಗ್ ಅಂತ ಇದೆ.

ಹಳೇ ಸ್ಪ್ಯಾನರ್, ಹಾಸನ:
ಅಕ್ಷರವನ್ನೇ ನಂಬಿ. ಟಿಡಿ20 ಎಂದರೆ ನೂರಕ್ಕೆ 20 ಪಾಲು ಟಾಲ್ಕ್ ಪುಡಿ ಬೆರೆಸಿದ್ದು. ಬರೀ ಪಿಪಿ ತೇಲುತ್ತದೆ, ಪುಡಿ ಸೇರಿದರೆ ನೀರಿಗಿಂತ ಭಾರವಾಗಿ ಮುಳುಗುತ್ತದೆ. ಅನುಮಾನ ಇದ್ದರೆ ಚೂರಿನ ತುದಿಗೆ ಹೊರಗೆ ಕಡ್ಡಿ ಗೀರಿ ನೋಡಿ. ಕಪ್ಪು ಮಸಿ ಹೊಗೆ ಭರ್ತಿ ಬಂದರೆ ಎಬಿಎಸ್. ಆರಿಸಿದಾಗ ಮೇಣದಬತ್ತಿ ವಾಸನೆ ಬಂದರೆ ಪಿಪಿ.

ಪಿಲ್ಲರ್ ಕವರಿಗೆ ಮಾತ್ರ ದುಡ್ಡು ಹಾಕಿ, ಹೊಸದೇ ಹಾಕಿಸಿ. ಅದರ ಹಿಂದೆ ಕರ್ಟನ್ ಏರ್‌ಬ್ಯಾಗ್, ಅಂದರೆ ಕಿಟಕಿಗೆ ಪರದೆಯ ಹಾಗೆ ಇಳಿಯುವ ಬ್ಯಾಗ್, ಇರುತ್ತದೆ. ಬ್ಯಾಗ್ ಉಬ್ಬುವಾಗ ಕವರ್ ಇಂಥ ಕಡೆ, ಇಷ್ಟೇ ಬಿಡಬೇಕು ಎಂದು ಲೆಕ್ಕ ಹಾಕಿ ಮಾಡಿರುತ್ತಾರೆ. ನೀವು ಬೆಸೆದು ಗಟ್ಟಿ ಮಾಡಿದರೆ ಆ ಲೆಕ್ಕ ತಪ್ಪುತ್ತದೆ, ಚೂರು ಸಿಡಿದು ಮುಖಕ್ಕೇ ಬರಬಹುದು.

ಇನ್ನೊಂದು. ಪ್ಯಾಡ್ ಬಿಚ್ಚಿದಾಗ ಬಾಗಿಲಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ನೆಟ್ಟಗಿತ್ತಾ? ಅದು ಹರಿದಿದ್ದರೆ ನಿಮ್ಮ ಕಡೆ ಮಳೆಗೆ ನೀರು ಬಾಗಿಲೊಳಗಿಂದ ನೇರ ಮ್ಯಾಟಿಗೆ ಇಳಿಯುತ್ತದೆ.

ಮೂಡಿಗೆರೆ ಮಳೆ:
ಅಯ್ಯೋ, ಹಾಳೆ ಅರ್ಧ ಹರಿದು ಕೆಳಗೆ ಸುರುಳಿ ಸುತ್ತಿಕೊಂಡಿದೆ! ಮ್ಯಾಟ್ ಯಾಕೆ ಬೂಷ್ಟು ವಾಸನೆ ಬರುತ್ತಿತ್ತು ಅಂತ ಈಗ ಗೊತ್ತಾಯಿತು, ಸುಮ್ನೆ ಮಕ್ಕಳ ಒದ್ದೆ ಕೊಡೆಯನ್ನು ಬೈಯುತ್ತಿದ್ದೆ.

ಹಳೇ ಸ್ಪ್ಯಾನರ್, ಹಾಸನ:
ದಪ್ಪ ಪ್ಲಾಸ್ಟಿಕ್ ಶೀಟ್ ಅದೇ ಅಳತೆಗೆ ಕತ್ತರಿಸಿ, ಬ್ಯುಟೈಲ್ ಟೇಪಿನಲ್ಲಿ (ಜಿಗುಟು ರಬ್ಬರಿನ ಟೇಪ್) ಸುತ್ತ ಅಂಟಿಸಿ. ಕೆಳಗಿನ ತುದಿ ಬಾಗಿಲೊಳಗಿನ ಸೀಳಿಗೆ ಇಳಿದಿರಬೇಕು, ಹೊರಗೆ ನೇತಾಡಬಾರದು. ಬಾಗಿಲ ತಳದ ನೀರಿನ ತೂತುಗಳಿಗೂ ಒಂದು ಕಡ್ಡಿ ಆಡಿಸಿಬಿಡಿ. ಹಳೇ ಕ್ಲಿಪ್ ಮತ್ತೆ ಹಾಕಬೇಡಿ, ಹೊಸದು ತನ್ನಿ. ಮುಂದೆ ಯಾವತ್ತಾದರೂ ಎಳೆದಾಗ ಕ್ಲಿಪ್ ಮುರಿಯಲಿ, ಗೂಡು ಉಳಿಯಲಿ.

ಮೂಡಿಗೆರೆ ಮಳೆ:
ಭಾನುವಾರ ಕೂತು ಎರಡು ಗೂಡು ಬೆಸೆದೆ. ಮೊದಲನೆಯದು ನೋಡಲು ಅಸಹ್ಯ, ಆದರೆ ಹಿಡಿದು ಎಳೆದರೂ ಬರಲಿಲ್ಲ. ಎರಡನೆಯದು ಪರವಾಗಿಲ್ಲ. ಮೂರನೆಯದರ ಚೂರು ಗ್ಯಾರೇಜಿನಲ್ಲೇ ಕಳೆದುಹೋಗಿದೆ, ಅದಕ್ಕೆ ಗುಜರಿಯಲ್ಲಿ ಇದೇ ಮಾಡೆಲಿನ ಒಡೆದ ಪ್ಯಾಡ್ ಹುಡುಕುತ್ತಿದ್ದೇನೆ. ಚಿಕ್ಕಮಗಳೂರು, ಬೇಲೂರು ಕಡೆ ಯಾರಿಗಾದರೂ ಕಂಡರೆ ಇಲ್ಲೇ ಹೇಳಿ, ಬಣ್ಣ ಯಾವುದಾದರೂ ಸರಿ.