ಅಪ್‌ಡೇಟ್: ಮಾಡ್ಯುಲರ್ ಕಿಚನ್‌ಗೆ ತಂದಿದ್ದ ಮೂರು ಕೊಟೇಶನ್‌ಗಳು

ಹುಬ್ಬಳ್ಳಿಯ ನವನಗರದ ನಮ್ಮ ಮನೆಗೆ ಮಾಡ್ಯುಲರ್ ಕಿಚನ್ ಮಾಡಿಸಲು ಮೂರು ಅಂಗಡಿಗಳಿಂದ ಕೊಟೇಶನ್ ತಂದು, ಯಾವುದನ್ನು ಒಪ್ಪಬೇಕೆಂದು ಕಳೆದ ತಿಂಗಳು ಕೇಳಿದ್ದೆ. ಮೊದಲು ಅಳತೆಯ ಲೆಕ್ಕವನ್ನು ಒಂದೇ ಮಾಡಿಕೊಳ್ಳಿ ಎಂದು ನೀವು ಹೇಳಿದ್ದು ಬಹಳ ಉಪಯೋಗಕ್ಕೆ ಬಂತು. ಒಬ್ಬರು ರನ್ನಿಂಗ್ ಫೂಟ್‌ಗೆ (ಎತ್ತರ ಲೆಕ್ಕಿಸದೆ, ಉದ್ದದ ಒಂದೊಂದು ಅಡಿಗೆ), ಇಬ್ಬರು ಚದರ ಅಡಿಗೆ ದರ ಹೇಳಿದ್ದರು. 10 ಅಡಿ ಉದ್ದ, 2.75 ಅಡಿ ಎತ್ತರದ ಕೆಳಗಿನ ಕ್ಯಾಬಿನೆಟ್‌ಗಳೇ 27.5 ಚದರ ಅಡಿಯಾಗುವುದರಿಂದ, ಕಡಿಮೆಯೆಂದು ಕಂಡಿದ್ದ ಚದರ ಅಡಿಯ ದರ ಒಟ್ಟು ಮೊತ್ತದಲ್ಲಿ ಹೆಚ್ಚೇ ಆಗಿತ್ತು. ಎಲ್ಲಕ್ಕಿಂತ ಅಗ್ಗದ ಕೊಟೇಶನ್‌ನಲ್ಲಿ 18% ಜಿಎಸ್‌ಟಿ ಸೇರಿರಲಿಲ್ಲ. 2 ಲಕ್ಷ ರೂಪಾಯಿಗೆ ಅದೊಂದೇ 36,000 ರೂಪಾಯಿ.

ಚಿಮಣಿ ಉಚಿತ ಎಂದವರು ಸಿಂಕ್ ಕೆಳಗಿನ ಕ್ಯಾಬಿನೆಟ್‌ಗೂ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಬರೆದಿದ್ದರು. ನೀರು ತಗುಲಿದರೆ ಅದು ಉಬ್ಬುತ್ತದೆ. ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿರುವ, ನೀರು ತಡೆಯುವ ಬಿಡಬ್ಲ್ಯುಪಿ ಪ್ಲೈವುಡ್ ಬೇಕೆಂದಾಗ ಆ ಆಫರ್ ಅನ್ವಯಿಸುವುದಿಲ್ಲ ಎಂದರು.

ಕೊನೆಗೆ ರನ್ನಿಂಗ್ ಫೂಟ್ ದರ ಹೇಳಿದ್ದವರಿಗೇ ಕೆಲಸ ಒಪ್ಪಿಸಿದೆವು. ಪ್ಲೈವುಡ್, ಹಿಂಜ್, ತೆರಿಗೆ, ಫಿಟ್ಟಿಂಗ್ ಖರ್ಚುಗಳನ್ನು ಅವರು ಬೇರೆ ಬೇರೆಯಾಗಿ ಬರೆದುಕೊಟ್ಟಿದ್ದಾರೆ. ಅವ್ವ ರೊಟ್ಟಿ ಬಡಿಯುವ ಕಟ್ಟೆ ಎಷ್ಟು ಎತ್ತರವಿರಬೇಕೆಂದು ಅವಳನ್ನೇ ನಿಲ್ಲಿಸಿ ಅಳೆದವರೂ ಅವರೊಬ್ಬರೇ.