ಅಪ್‌ಡೇಟ್: ಸೈಡ್‌ಮೌಂಟ್ ಸಿಲಿಂಡರ್ ಸರಿಯಾಗಿ ಕೂತಿದೆ!

ನೇತ್ರಾಣಿ ದ್ವೀಪದ ಬಳಿ ಸೈಡ್‌ಮೌಂಟ್‌ನಲ್ಲಿ (ಗಾಳಿಯ ಸಿಲಿಂಡರ್‌ಗಳನ್ನು ಬೆನ್ನಿಗಲ್ಲ, ಎರಡೂ ಪಕ್ಕೆಗೆ ಕಟ್ಟಿಕೊಂಡು) ಸ್ಕೂಬಾ ಡೈವ್ ಮಾಡುವಾಗ ಅರ್ಧ ಗಾಳಿ ಮುಗಿದ ಮೇಲೆ ಸಿಲಿಂಡರ್‌ಗಳ ಬುಡ ಮೇಲೇಳುತ್ತದೆ ಅಂತ ಕೇಳಿದ್ದೆ ಅಲ್ವಾ? ಸರಿಹೋಯಿತು.

ನೀವು ಹೇಳಿದಂತೆ ಹಾಸನದ ಮನೆಯಲ್ಲೇ ಕನ್ನಡಿ ಮುಂದೆ ಹಾರ್ನೆಸ್ (ಸಿಲಿಂಡರ್ ಸಿಕ್ಕಿಸುವ ಮೈಪಟ್ಟಿ) ತೊಟ್ಟು ನೋಡಿದೆ. ಸಿಲಿಂಡರ್‌ನ ಮೇಲ್ಭಾಗವನ್ನು ಹಿಡಿಯುವ ಎಲಾಸ್ಟಿಕ್ ಹಗ್ಗ, ಅಂದರೆ ಬಂಜೀ, ಸಡಿಲವಾಗಿತ್ತು. ವಾಲ್ವ್ ಕಂಕುಳ ಕೆಳಗೆ ನಿಲ್ಲದೆ ಜಾರುತ್ತಿತ್ತು. ಗಂಟು ಬಿಚ್ಚಿ ಎರಡು ಬೆರಳಗಲ ಬಿಗಿ ಮಾಡಿದೆ. ಈಗ ತಡಕಾಡದೆ ಎರಡೂ ವಾಲ್ವ್ ಕೈಗೆ ಸಿಗುತ್ತವೆ. ನನಗೆ ಇದೇ ದೊಡ್ಡ ಸಮಾಧಾನ. ಉಸಿರಾಡಲು ಗಾಳಿ ಕೊಡುವ ರೆಗ್ಯುಲೇಟರ್ ಜೋರಾಗಿ ಸೋರತೊಡಗಿದರೆ ಆ ವಾಲ್ವನ್ನು ತಕ್ಷಣ ಮುಚ್ಚಬೇಕಲ್ಲ.

ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾಗುತ್ತಾ ತೇಲುತ್ತದೆ. ಹಾಗಾಗಿ ಗಾಳಿಯ ಒತ್ತಡ ಸುಮಾರು 100 ಬಾರ್‌ಗೆ ಇಳಿದಾಗ ಸಿಲಿಂಡರ್‌ನ ಕೆಳಗಿನ ಕ್ಲಿಪ್ಪನ್ನು ಸೊಂಟದ ಮುಂದಿನ ಡಿ-ರಿಂಗ್‌ಗೆ (ಹಾರ್ನೆಸ್‌ನ ಡಿ ಆಕಾರದ ಬಳೆಗೆ) ಹಾಕುತ್ತೇನೆ. ಮೊದಲು ಈಜುಕೊಳದಲ್ಲಿ, ಆಮೇಲೆ ಸಮುದ್ರದಲ್ಲಿ, ಎರಡೂ ಕಡೆ ಇನ್‌ಸ್ಟ್ರಕ್ಟರ್ ಜೊತೆಗೇ ನೋಡಿದೆ. ಸಿಲಿಂಡರ್‌ಗಳು ಕೊನೆವರೆಗೂ ಪಕ್ಕೆಗೆ ಅಂಟಿಕೊಂಡೇ ಇದ್ದವು. ತುಂಬಾ ಥ್ಯಾಂಕ್ಸ್!