ಸಹಾಯ ಬೇಕು: ಮಿಷಿಗನ್ ಹಳೇ ಆಟಗಾರರ ಕಾರ್ಡ್‌ಗಳು

ನಮಸ್ಕಾರ ಎಲ್ರಿಗೂ. ಆ್ಯನ್ ಆರ್ಬರ್ ಸುತ್ತಮುತ್ತ ಇರೋ ಕನ್ನಡಿಗರಲ್ಲಿ ಆಟಗಾರರ ಫೋಟೋ ಇರೋ ಕಾರ್ಡ್ ಕೂಡಿಡೋ ಹುಚ್ಚಿನವರು ಯಾರಾದ್ರೂ ಇದ್ದೀರಾ? ಮಿಷಿಗನ್ ಯೂನಿವರ್ಸಿಟಿ ಫುಟ್‌ಬಾಲ್ ತಂಡದಲ್ಲಿ ಆಡಿ ಎನ್‌ಎಫ್‌ಎಲ್‌ಗೆ (ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್) ಹೋದವರ ರೂಕಿ ಕಾರ್ಡ್‌ಗಳನ್ನಷ್ಟೇ, ಅಂದ್ರೆ ಅಲ್ಲಿನ ಮೊದಲ ವರ್ಷದ ಕಾರ್ಡ್‌ಗಳನ್ನಷ್ಟೇ ಸೇರಿಸ್ತಿದ್ದೀನಿ. ಡೆಸ್ಮಂಡ್ ಹೊವಾರ್ಡ್ (1992), ಚಾರ್ಲ್ಸ್ ವುಡ್ಸನ್ (1998) ಸುಲಭವಾಗಿ ಸಿಕ್ಕಿದ್ರು. 1990ರ ಆಚೀಚೆ ಕಂಪನಿಗಳು ಲೆಕ್ಕವಿಲ್ಲದಷ್ಟು ಕಾರ್ಡ್ ಅಚ್ಚು ಹಾಕಿದ್ದಕ್ಕೆ, ಕಾಲೇಜು ಫುಟ್‌ಬಾಲ್‌ನ ದೊಡ್ಡ ಪ್ರಶಸ್ತಿ ಹೈಸ್ಮನ್ ಗೆದ್ದ ಹೊವಾರ್ಡ್ ಕೂಡ ಕಾಫಿ ದುಡ್ಡಿಗೆ ಬರ್ತಾನೆ!

ತಲೆನೋವು ಲೈನ್‌ಮನ್‌ಗಳದ್ದು, ಅಂದ್ರೆ ಮುಂದಿನ ಸಾಲಲ್ಲಿ ನಿಂತು ಎದುರಾಳಿಗಳನ್ನ ತಡೆಯೋರದ್ದು. ಜೇಕ್ ಲಾಂಗ್ 2008ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನ ಸರದಿಯಲ್ಲಿ ಆರಿಸೋದು) ಮೊದಲ ಆಯ್ಕೆ, ಸ್ಟೀವ್ ಹಚಿನ್ಸನ್ ಹಾಲ್ ಆಫ್ ಫೇಮ್ ಸೇರಿದವನು. ಆದ್ರೂ ಚೆಂಡು ಮುಟ್ಟದವರ ಕಾರ್ಡ್ ಯಾರು ಕೇಳ್ತಾರೆ ಅಂತ ಅಂಗಡಿಯವರು ಹೊರಗೇ ಇಡಲ್ಲ. ಹಚಿನ್ಸನ್ 2001ರ ಕಾರ್ಡ್ ಯಾರ ಹತ್ರಾದ್ರೂ ಎರಡಿದ್ರೆ ಹೇಳಿ, ಬದಲಿಗೆ ವುಡ್ಸನ್ ಕೊಡ್ತೀನಿ.

ಇನ್ನೊಂದು ವಿಷಯ. ಮಿಷಿಗನ್‌ನಲ್ಲೇ ಆಡಿದ್ದ ಟಾಮ್ ಬ್ರೇಡಿಯ 2000ದ ಬೌಮನ್ ಕ್ರೋಮ್ ಸರಣಿಯ ಕಾರ್ಡ್, 236ನೇ ನಂಬರ್, ಗ್ರೇಡಿಂಗ್ (ಪರಿಣತರು ಪರೀಕ್ಷಿಸಿ ದರ್ಜೆ ಕೊಡೋದು) ಆಗದೇ ಇರೋದು, ಒಬ್ರು ಮಾರ್ತಿದ್ದಾರೆ. ಬೆಲೆ ಅನುಮಾನ ಬರೋಷ್ಟು ಕಮ್ಮಿ. ಫೋಟೋದಲ್ಲಿ ಹಿಂಬದಿಯ ಸಣ್ಣ ಅಕ್ಷರ ಮಸುಕು, ಅಂಚು ಮಾತ್ರ ನಿನ್ನೆ ಕತ್ತರಿಸಿದಷ್ಟು ಚೂಪು. ಭೂತಗನ್ನಡಿ ಹಿಡಿದು ಏನೇನು ನೋಡ್ಬೇಕು? ಅಸಲಿ ಇಟ್ಕೊಂಡಿರೋರು ಹಿಂಬದಿಯ ಸ್ಪಷ್ಟ ಫೋಟೋ ಹಾಕಿದ್ರೆ ಹೋಲಿಸಿ ನೋಡ್ತೀನಿ. ಶನಿವಾರ ಅವರನ್ನ ಭೇಟಿ ಆಗೋದಿದೆ, ಅದಕ್ಕೆ ಮುಂಚೆ ತಿಳಿಸಿದ್ರೆ ಉಪಕಾರ. "ಸುಮ್ನೆ ದುಡ್ಡು ದಂಡ" ಅನ್ನೋದಕ್ಕೆ ಮನೇಲಿ ಹೆಂಡತಿ ಇದ್ದಾಳೆ, ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳಿ 🙂